ದಶಾಂಶ ಬಿಂದು ಎಡಕ್ಕೋ ಬಲಕ್ಕೋ? ಏಳನೇ ಕ್ಲಾಸಿನ ಮಗಳ ಪ್ರಶ್ನೆಗಳು

ಡೊಂಬಿವಲಿ_ಅಮ್ಮ

ನಮಸ್ಕಾರ. ನಾವು ಡೊಂಬಿವಲಿಯಲ್ಲಿದ್ದೇವೆ, ಮಗಳು ಏಳನೇ ಕ್ಲಾಸು. ಶಾಲೆ ಇಂಗ್ಲಿಷ್ ಮೀಡಿಯಂ, ಸುತ್ತಮುತ್ತ ಮರಾಠಿ, ಆದರೆ ಗಣಿತ ಮಾತ್ರ ಮನೆಯಲ್ಲಿ ಕನ್ನಡದಲ್ಲಿ ಹೇಳಿದರೇನೇ ಅವಳ ತಲೆಗೆ ಹೋಗುತ್ತದೆ.

ಈಗ ದಶಾಂಶ, ಹತ್ತರ ಘಾತ, ಮೆಟ್ರಿಕ್ ಅಳತೆ ಮೂರೂ ಒಟ್ಟಿಗೆ ಬಂದಿವೆ. ಟ್ಯೂಷನ್‌ನಲ್ಲಿ ಒಂದು ಏಣಿ ಬರೆದು ಕೊಟ್ಟಿದ್ದಾರೆ. ಮೇಲಿನ ಮೆಟ್ಟಿಲಲ್ಲಿ ಕಿಲೋ, ಕೆಳಗಿನ ಮೆಟ್ಟಿಲಲ್ಲಿ ಮಿಲಿ. ಇಳಿಯುವಾಗ ಗುಣಿಸು, ಹತ್ತುವಾಗ ಭಾಗಿಸು, ಬಿಂದುವನ್ನು ಅಷ್ಟು ಮನೆ ಸರಿಸು, ಮುಗೀತು. ಅವಳು ಬಾಯಿಪಾಠ ಮಾಡಿದ್ದಾಳೆ. ಆದರೆ 3.7 ಮೀಟರ್ ಅಂದ್ರೆ ಎಷ್ಟು ಮಿಲಿಮೀಟರ್ ಅಂತ ಕೇಳಿದರೆ ಇವತ್ತು 3700 ಬರೆಯುತ್ತಾಳೆ, ನಾಳೆ 0.0037 ಬರೆಯುತ್ತಾಳೆ, ಎರಡನ್ನೂ ಅಷ್ಟೇ ಧೈರ್ಯವಾಗಿ.

ನಿನ್ನೆ ರಾತ್ರಿ ಅವಳೇ ಕೇಳಿದಳು: "ಅಮ್ಮ, ಏಣಿಯಲ್ಲಿ ಕೆಳಗೆ ಇಳಿದರೆ ಕಮ್ಮಿ ಆಗಬೇಕಲ್ವಾ? ಮತ್ತೆ ಯಾಕೆ ಗುಣಿಸಬೇಕು?" ಈ ಪ್ರಶ್ನೆಗೆ ನಿಯಮ ಬಿಟ್ಟು ಬೇರೆ ಉತ್ತರ ಬೇಕು ಅಂತ ನನಗೆ ಅನಿಸಿತು.

ಇನ್ನೂ ಎರಡು ಇವೆ. 10⁻³ ಅಂದ್ರೆ ಮೈನಸ್ ಇದೆಯಲ್ಲ, ಹಾಗಾಗಿ ಅದು ಸೊನ್ನೆಗಿಂತ ಕಮ್ಮಿ ಅಂತಾಳೆ. 0.35 ಮತ್ತು 0.4 ರಲ್ಲಿ ಯಾವುದು ದೊಡ್ಡದು ಅಂದ್ರೆ 0.35 ಅಂತಾಳೆ, ಮೂವತ್ತೈದು ನಾಲ್ಕಕ್ಕಿಂತ ದೊಡ್ಡದು ಅನ್ನೋದು ಅವಳ ಲೆಕ್ಕ. ಪರೀಕ್ಷೆಗೆ ಪಾಸಾಗುವ ದಾರಿ ನನಗೆ ಬೇಡ. ಅವಳಿಗೆ ನಿಜವಾಗಿ ಅರ್ಥ ಆಗಬೇಕು. ಪಾಠ ಹೇಳಿ ಅನುಭವ ಇರುವವರು ದಯವಿಟ್ಟು ಬರೆಯಿರಿ.

ವಡಾಲದ_ಮೇಷ್ಟ್ರು

ನಿಮ್ಮ ಮಗಳ ಪ್ರಶ್ನೆ ತುಂಬ ಸರಿಯಾದ ಪ್ರಶ್ನೆ. ನಾನು ಮುಂಬೈ ಪಾಲಿಕೆಯ ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಏಣಿಯ ನಿಯಮ ಹೇಳಿದ ಮಕ್ಕಳು ಸಾಕಷ್ಟು ಜನ ಸಿಕ್ಕಿದ್ದಾರೆ, ಯಾಕೆ ಗುಣಿಸಬೇಕು ಅಂತ ಕೇಳಿದವರು ಕಮ್ಮಿ. ಅವಳಿಗೆ ಮೊದಲು ಇದನ್ನು ಹೇಳಿ: ಅಳತೆ ಬದಲಿಸಿದಾಗ ವಸ್ತು ಬದಲಾಗುವುದಿಲ್ಲ. 3.7 ಮೀಟರ್ ಬಟ್ಟೆಯನ್ನು ಮಿಲಿಮೀಟರಿನಲ್ಲಿ ಹೇಳಿದರೂ ಅದು ಅಷ್ಟೇ ಬಟ್ಟೆ. ಅಳೆಯುವ ತುಂಡು ಸಾವಿರ ಪಾಲು ಚಿಕ್ಕದಾಯಿತು, ಹಾಗಾಗಿ ತುಂಡುಗಳ ಎಣಿಕೆ ಸಾವಿರ ಪಟ್ಟು ಜಾಸ್ತಿ ಆಗಲೇಬೇಕು. ಏಣಿಯಲ್ಲಿ ಕೆಳಗೆ ಇಳಿಯುವುದು ತುಂಡಿನ ಅಳತೆ, ಮೇಲೆ ಏರುವುದು ಎಣಿಕೆ. ಅವಳು "ಕಮ್ಮಿ ಆಗಬೇಕಲ್ವಾ" ಅಂದದ್ದು ತುಂಡಿನ ಬಗ್ಗೆ ನಿಜ. ಟ್ಯೂಷನ್‌ನವರು "ಗುಣಿಸು" ಅಂದದ್ದು ಎಣಿಕೆಯ ಬಗ್ಗೆ ನಿಜ. ಎರಡನ್ನೂ ಬೇರೆ ಬೇರೆ ಹೇಳದೆ ಒಂದೇ ಏಣಿಗೆ ತುರುಕಿದ್ದರಿಂದ ಗೊಂದಲ.

ಈಗ ಬಿಂದು ಸರಿಸುವ ವಿಷಯ. ಒಂದು ದೊಡ್ಡ ಹಾಳೆಯನ್ನು ಅಡ್ಡ ಇಟ್ಟು ಈ ಮೂರು ಸಾಲು ಬರೆಯಿರಿ. ಒಂದರ ಕೆಳಗೆ ಒಂದು ಸರಿಯಾಗಿ ಬರಬೇಕು.

ಸಾವಿರ | ನೂರು | ಹತ್ತು | ಬಿಡಿ | ಹತ್ತರಲ್ಲೊಂದು | ನೂರರಲ್ಲೊಂದು | ಸಾವಿರದಲ್ಲೊಂದು
10³ | 10² | 10¹ | 10⁰ | 10⁻¹ | 10⁻² | 10⁻³
ಕಿಲೋ | ಹೆಕ್ಟೋ | ಡೆಕಾ | ಮೀಟರ್ | ಡೆಸಿ | ಸೆಂಟಿ | ಮಿಲಿ

ಇದು ಮೂರು ಬೇರೆ ಪಾಠ ಅಲ್ಲ. ಒಂದೇ ಮನೆಗೆ ಮೂರು ಹೆಸರು. ದಶಾಂಶದ ಪಾಠ, ಘಾತದ ಪಾಠ, ಅಳತೆಯ ಪಾಠ ಅಂತ ಪುಸ್ತಕದಲ್ಲಿ ದೂರ ದೂರ ಇರುವುದರಿಂದ ಮಕ್ಕಳಿಗೆ ಇದು ಕಾಣುವುದಿಲ್ಲ, ಕಾಣದೆ ಇರುವುದರಿಂದ ಮೂರು ಸಲ ಮೂರು ನಿಯಮ ಬಾಯಿಪಾಠ ಮಾಡುತ್ತಾರೆ, ಆಮೇಲೆ ಪರೀಕ್ಷೆಯ ಹೊತ್ತಿಗೆ ಮೂರೂ ಕಲಸಿಹೋಗುತ್ತವೆ.

ಮೇಲಿನ ಎರಡು ಸಾಲು ಎಡದಿಂದ ಬಲಕ್ಕೆ ಓದಿಸಿ. ಸಾವಿರವನ್ನು ಹತ್ತರಿಂದ ಭಾಗಿಸಿದರೆ ನೂರು, ಘಾತ 3 ಇದ್ದದ್ದು 2 ಆಯಿತು. ಇನ್ನೊಮ್ಮೆ ಭಾಗಿಸಿದರೆ ಹತ್ತು, ಘಾತ 1. ಇನ್ನೊಮ್ಮೆ ಭಾಗಿಸಿದರೆ ಒಂದು, ಘಾತ 0. ಹತ್ತರ ಘಾತ ಸೊನ್ನೆ ಯಾಕೆ ಒಂದು ಅನ್ನೋದಕ್ಕೆ ಇಷ್ಟೇ ಉತ್ತರ, ಸುಮ್ನೆ ಒಪ್ಪಿಕೋ ಅನ್ನಬೇಕಾಗಿಲ್ಲ. ಅಲ್ಲಿ ನಿಲ್ಲದೆ ಮತ್ತೆ ಭಾಗಿಸಿದರೆ 0.1, ಘಾತ −1. ಒಂದನ್ನು ಹತ್ತರಿಂದ ಎಷ್ಟು ಸಲ ಭಾಗಿಸಿದೆವು ಅನ್ನೋದನ್ನು ಮೈನಸ್ ಹೇಳುತ್ತದೆ. ಎಷ್ಟು ಸಲ ಭಾಗಿಸಿದರೂ ಏನೋ ಸ್ವಲ್ಪ ಉಳಿದೇ ಉಳಿಯುತ್ತದೆ, ಸೊನ್ನೆಗೆ ಮುಟ್ಟುವುದೇ ಇಲ್ಲ, ಇನ್ನು ಸೊನ್ನೆಯ ಕೆಳಗೆ ಹೋಗುವುದು ಎಲ್ಲಿಂದ? ಒಂದು ಮಿಲಿಮೀಟರ್ ತೋರಿಸಿ, ಇದು 10⁻³ ಮೀಟರ್, ಸೊನ್ನೆಗಿಂತ ಕಮ್ಮಿ ಇದೆಯಾ ನೋಡು ಅನ್ನಿ. ಸ್ಕೇಲಿನಲ್ಲಿ ಕಣ್ಣಿಗೆ ಕಾಣುತ್ತದೆ.

ಇನ್ನೊಂದು ವಿಷಯ, ಇದನ್ನು ಪುಸ್ತಕಗಳು ಒತ್ತಿ ಹೇಳುವುದಿಲ್ಲ. ಹತ್ತಕ್ಕೆ ಜೋಡಿ ಹತ್ತರಲ್ಲೊಂದು, ನೂರಕ್ಕೆ ಜೋಡಿ ನೂರರಲ್ಲೊಂದು. ನಡುವೆ ನಿಂತಿರುವುದು ಬಿಡಿಸ್ಥಾನ, ಬಿಂದು ಅಲ್ಲ. ಬಿಂದುವನ್ನು ನಡು ಅಂದುಕೊಂಡ ಮಕ್ಕಳು ಬಲಕ್ಕೆ ಮೊದಲನೆಯ ಮನೆಯನ್ನು ಬಿಡಿ ಅಂತ ಎಣಿಸಿ ಒಂದು ಮನೆ ತಪ್ಪುತ್ತಾರೆ. ಬಿಂದು ಬರೀ ಗುರುತು. ಇದರ ಎಡಕ್ಕೆ ಇರುವುದೇ ಬಿಡಿಸ್ಥಾನ ಅಂತ ತೋರಿಸುವ ಗುರುತು.

ಈಗ ಎಡಕ್ಕೋ ಬಲಕ್ಕೋ. ಎರಡು ಕೆಲಸಗಳಿವೆ, ಅವು ಒಂದೇ ಅಲ್ಲ.

ಮೊದಲನೆಯದು ಗುಣಿಸುವುದು. 3.7 ಅನ್ನು ಹತ್ತರಿಂದ ಗುಣಿಸಿದರೆ 3 ಬಿಡಿಯಿಂದ ಹತ್ತಕ್ಕೆ ಹೋಗುತ್ತದೆ, 7 ಬಿಡಿಗೆ ಬರುತ್ತದೆ. ಚಾಳಿನಲ್ಲಿ ಬಾಡಿಗೆದಾರರು ಖೋಲಿ ಬದಲಿಸಿದ ಹಾಗೆ ಅಂಕಿಗಳು ಮನೆ ಬದಲಿಸುತ್ತವೆ, ಮನೆಗಳು ಇದ್ದಲ್ಲೇ ಇರುತ್ತವೆ. ಕಾಗದದ ಪಟ್ಟಿಯ ಮೇಲೆ 3 ಮತ್ತು 7 ಬರೆದು ಆ ಹಾಳೆಯ ಮೇಲೆ ಜಾರಿಸಿ ತೋರಿಸಿ.

ಎರಡನೆಯದು ಅಳತೆ ಬದಲಿಸುವುದು. ಇಲ್ಲಿ ಅಂಕಿಗಳು ಅಲುಗಾಡಲ್ಲ. 3.7 ಮೀಟರ್ ಅಂದ್ರೆ 3 ಮೀಟರ್ ಮನೆಯಲ್ಲಿ, 7 ಡೆಸಿ ಮನೆಯಲ್ಲಿ. ಪ್ರಶ್ನೆ ಮಿಲಿಮೀಟರಿನಲ್ಲಿ ಕೇಳಿದ್ದರೆ ಮಿಲಿ ಮನೆಯ ಬಲಕ್ಕೆ ಬಿಂದು ಇಡಿ, ಖಾಲಿ ಮನೆಗೆ ಸೊನ್ನೆ ತುಂಬಿ. 3, 7, 0, 0. ಉತ್ತರ 3700. ಕಿಲೋಮೀಟರಿನಲ್ಲಿ ಕೇಳಿದ್ದರೆ ಕಿಲೋ ಮನೆಯ ಬಲಕ್ಕೆ ಬಿಂದು. ಕಿಲೋದಲ್ಲಿ ಸೊನ್ನೆ, ಹೆಕ್ಟೋದಲ್ಲಿ ಸೊನ್ನೆ, ಡೆಕಾದಲ್ಲಿ ಸೊನ್ನೆ, ಆಮೇಲೆ 3, 7. ಉತ್ತರ 0.0037. ನೋಡಿ, ನಿಮ್ಮ ಮಗಳು ನಾಳೆ ಬರೆಯುವ ಉತ್ತರವೂ ಒಂದು ಪ್ರಶ್ನೆಗೆ ಸರಿಯಾದ ಉತ್ತರವೇ, ಆ ಪ್ರಶ್ನೆ ಕಿಲೋಮೀಟರಿನದು. ಯಾವ ಮನೆಯನ್ನು ಬಿಡಿಸ್ಥಾನ ಅಂತ ಕರೆಯಬೇಕು ಅಂತ ಕೇಳಿಕೊಂಡರೆ ಸಾಕು, ಎಡ ಬಲ ನೆನಪಿಡುವುದೇ ಬೇಡ.

0.35 ಮತ್ತು 0.4 ನ್ನೂ ಇದೇ ಹಾಳೆಯಲ್ಲಿ ಒಂದರ ಕೆಳಗೆ ಒಂದು ಬರೆಸಿ. ಹತ್ತರಲ್ಲೊಂದರ ಮನೆಯಲ್ಲಿ ಒಂದಕ್ಕೆ 3 ಇದೆ, ಇನ್ನೊಂದಕ್ಕೆ 4 ಇದೆ. ಅಲ್ಲೇ ತೀರ್ಮಾನ ಆಯಿತು. ಓದುವಾಗ "ಸೊನ್ನೆ ಬಿಂದು ಮೂವತ್ತೈದು" ಅನ್ನಲು ಬಿಡಬೇಡಿ, "ಸೊನ್ನೆ ಬಿಂದು ಮೂರು ಐದು" ಅನ್ನಲಿ. ರೂಪಾಯಿ ಪೈಸೆಯ ಉದಾಹರಣೆ ಎಲ್ಲರೂ ಕೊಡುತ್ತಾರೆ. ಎರಡು ಮನೆಯವರೆಗೆ ಅದು ಒಳ್ಳೆಯದೇ. ಆದರೆ ಅದೊಂದೇ ಅಭ್ಯಾಸ ಆದರೆ ಬಿಂದುವಿನ ಬಲಕ್ಕೆ ಎರಡೇ ಮನೆ ಇರುವುದು ಅಂತ ಮಕ್ಕಳು ನಂಬುತ್ತಾರೆ, 0.125 ಬಂದ ಕೂಡಲೇ ನೂರ ಇಪ್ಪತ್ತೈದು ಪೈಸೆ ಅಂತ ಓದುತ್ತಾರೆ.

ದುಡ್ಡಿನ ಮಾತು ಬಂತು, ಒಂದು ಲೆಕ್ಕ ಹೇಳಿ ನಿಲ್ಲಿಸುತ್ತೇನೆ. 1957ರ ಏಪ್ರಿಲ್ 1ಕ್ಕೆ ಮೊದಲು ನಮ್ಮಲ್ಲಿ ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇತ್ತು. 2 ರೂಪಾಯಿ 7 ಆಣೆ 9 ಪೈ ಇದನ್ನು ಹತ್ತರಿಂದ ಗುಣಿಸಲು ಅವಳಿಗೆ ಹೇಳಿ. 90 ಪೈ ಅಂದ್ರೆ 7 ಆಣೆ 6 ಪೈ. 70 ಆಣೆಗೆ ಆ 7 ಸೇರಿ 77, ಅಂದ್ರೆ 4 ರೂಪಾಯಿ 13 ಆಣೆ. ಒಟ್ಟು 24 ರೂಪಾಯಿ 13 ಆಣೆ 6 ಪೈ. ಆಮೇಲೆ 2.48 ರೂಪಾಯಿಯನ್ನು ಹತ್ತರಿಂದ ಗುಣಿಸಲು ಹೇಳಿ. 24.80, ಅಂಕಿಗಳು ಅವೇ, ಮನೆ ಮಾತ್ರ ಬೇರೆ. ಪಕ್ಕದ ಮನೆಗೆ ಯಾವಾಗಲೂ ಹತ್ತೇ ಪಟ್ಟು ಅನ್ನುವ ಒಂದು ನಿಯಮದಿಂದ ಎಷ್ಟು ಕೆಲಸ ಉಳಿಯಿತು ಅಂತ ಅವಳಿಗೇ ಗೊತ್ತಾಗುತ್ತದೆ.

ಅಂದಹಾಗೆ ಪುಣೆಯ ಬಾಲಭಾರತಿ ಕನ್ನಡ ಮಾಧ್ಯಮಕ್ಕೂ ಗಣಿತ ಪುಸ್ತಕ ತರುತ್ತದೆ, ಅವರ ಜಾಲತಾಣದಲ್ಲಿ ಪಿಡಿಎಫ್ ಸಿಗುತ್ತದೆ. ನೀವು ಕನ್ನಡದಲ್ಲಿ ಹೇಳಿಕೊಡುವುದಾದರೆ ಪಕ್ಕದಲ್ಲಿ ಇಟ್ಟುಕೊಳ್ಳಿ.

ಪುಣೆ_ಫಾರ್ಮಸಿ

ಮೇಷ್ಟ್ರು ಹೇಳಿದ್ದಕ್ಕೆ ಸೇರಿಸುತ್ತೇನೆ. ನಾನು ಪುಣೆಯ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿದ್ದೇನೆ. ಇಲ್ಲಿ ದಶಾಂಶ ಬಿಂದು ಒಂದು ಮನೆ ತಪ್ಪಿದರೆ ಔಷಧಿ ಹತ್ತು ಪಟ್ಟು. ಆದ್ದರಿಂದ ಮಗಳು ಇದನ್ನು ಅರ್ಥ ಮಾಡಿಕೊಳ್ಳಬೇಕು ಅಂತ ನೀವು ಹಟ ಹಿಡಿದಿರುವುದು ನನಗೆ ತುಂಬ ಇಷ್ಟವಾಯಿತು.

ಲೆಕ್ಕಕ್ಕೆ ಮುಂಚೆ ಒಂದೇ ಪ್ರಶ್ನೆ ಕೇಳುವ ಅಭ್ಯಾಸ ಮಾಡಿಸಿ: ಉತ್ತರದ ಅಂಕಿ ದೊಡ್ಡದಾಗಬೇಕಾ, ಚಿಕ್ಕದಾಗಬೇಕಾ? ಆಮೇಲೆ ಬಿಂದು ಹೇಗಾದರೂ ಸರಿಸಲಿ. ನಾವು ಕೆಲಸದಲ್ಲಿ ಬಿಂದು ಸರಿಸಿಯೇ ಲೆಕ್ಕ ಮಾಡುವುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಮೊದಲು ಆ ಪ್ರಶ್ನೆ, ಆಮೇಲೆ ಕೈ.

ಥೈರಾಯ್ಡ್ ಮಾತ್ರೆಯ ಪಟ್ಟಿ ಮನೆಯಲ್ಲಿದ್ದರೆ ತೋರಿಸಿ. ಅದರ ಮೇಲೆ 50 ಎಂಸಿಜಿ ಅಂತ ಇರುತ್ತದೆ, ಅಂದ್ರೆ 50 ಮೈಕ್ರೋಗ್ರಾಂ. ಮೈಕ್ರೋ 10⁻⁶, ಮಿಲಿ 10⁻³. ಮೇಷ್ಟ್ರ ಹಾಳೆಯಲ್ಲಿ ಮಿಲಿಯ ನಂತರ ಬಲಕ್ಕೆ ಇನ್ನೂ ಮೂರು ಮನೆ ಹೋಗಬೇಕು, ನಡುವಿನ ಎರಡು ಮನೆಗೆ ಹೆಸರಿಲ್ಲ. 50 ಮೈಕ್ರೋಗ್ರಾಂ ಅಂದ್ರೆ 0.05 ಮಿಲಿಗ್ರಾಂ. ಅದನ್ನೇ 50 ಮಿಲಿಗ್ರಾಂ ಅಂತ ಓದಿದರೆ ಸಾವಿರ ಪಟ್ಟು ಆಯಿತು. ಮೈಕ್ರೋಗ್ರಾಂಗೆ ಇರುವ ಗ್ರೀಕ್ ಅಕ್ಷರವನ್ನು ಕೈಬರಹದಲ್ಲಿ ಬರೆಯಬೇಡಿ, ಅದು ಮಿಲಿಯ ಹಾಗೆ ಕಾಣುತ್ತದೆ ಅಂತ ನಮಗೆ ಹೇಳಿಕೊಡುವುದು ಇದಕ್ಕೇ.

ಇನ್ನೆರಡು ಕಟ್ಟುನಿಟ್ಟು ಇವೆ. ಅರ್ಧ ಮಿಲಿಗ್ರಾಂ ಬರೆಯುವಾಗ ಬಿಂದುವಿನ ಮುಂದೆ ಸೊನ್ನೆ ಹಾಕಲೇಬೇಕು, 0.5 ಅಂತ. ಬರೀ .5 ಬರೆದರೆ ಬಿಂದು ಮಸುಕಾಗಿ ಐದು ಅಂತ ಓದುತ್ತಾರೆ. ಐದು ಮಿಲಿಗ್ರಾಂ ಬರೆಯುವಾಗ 5.0 ಅಂತ ಬರೆಯಬಾರದು, ಬಿಂದು ಕಾಣದೆ ಹೋದರೆ ಐವತ್ತು. ಗಣಿತದಲ್ಲಿ .5 ಮತ್ತು 0.5 ಒಂದೇ, 5 ಮತ್ತು 5.0 ಒಂದೇ. ಕಾಗದದ ಮೇಲೆ ಒಂದೇ ಅಲ್ಲ.

ಮಕ್ಕಳ ಜ್ವರದ ಔಷಧಿಯ ಲೇಬಲ್ ಕೂಡ ಒಳ್ಳೆ ಪಾಠ. ಪ್ಯಾರಾಸಿಟಮಾಲ್ ಸಿರಪ್‌ನಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಅಂತ ಬರೆದಿರುತ್ತದೆ, ಹನಿ ಹಾಕುವ ಚಿಕ್ಕ ಬಾಟಲಿಯಲ್ಲಿ 1 ಮಿಲಿಲೀಟರಿಗೆ 100 ಮಿಲಿಗ್ರಾಂ. ಸುಮ್ನೆ ಅಂಕಿ ನೋಡಿದರೆ 125 ದೊಡ್ಡದು. ಒಂದು ಮಿಲಿಲೀಟರಿಗೆ ಎಷ್ಟು ಅಂತ ನೋಡಿದರೆ ಸಿರಪ್‌ನಲ್ಲಿ 25, ಹನಿಯಲ್ಲಿ 100. ಚಿಕ್ಕ ಬಾಟಲಿಯದ್ದೇ ನಾಲ್ಕು ಪಟ್ಟು ಗಟ್ಟಿ. ಅಂಕಿ ಓದುವ ಮೊದಲು ಅಳತೆ ಓದು ಅಂತ ಅವಳಿಗೆ ಹೇಳಿ. ಎಷ್ಟು ಕೊಡಬೇಕು ಅನ್ನೋದು ಮಾತ್ರ ಡಾಕ್ಟರ್ ಹೇಳಿದ ಹಾಗೆಯೇ, ಇದು ಬರೀ ಓದುವ ಅಭ್ಯಾಸಕ್ಕೆ.

ಮಡಗಾಂವ್_ಎಲೆಕ್ಟ್ರಾನಿಕ್ಸ್

ನಾನು ಗೋವಾದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ, ಊರು ಕಾರವಾರ. ಒಂದು ಮಜಾ ಉದಾಹರಣೆ ಕೊಡುತ್ತೇನೆ. ಹಾಳಾದ ಮೊಬೈಲ್ ಚಾರ್ಜರ್ ಅಥವಾ ರೇಡಿಯೋ ಬಿಚ್ಚಿದರೆ ಒಳಗೆ ಬೇಳೆಯಷ್ಟು ದೊಡ್ಡ ಕೆಪಾಸಿಟರ್ ಇರುತ್ತದೆ, ಅದರ ಮೇಲೆ 104 ಅಂತ ಬರೆದಿರುತ್ತದೆ. ಅದು ನೂರ ನಾಲ್ಕು ಅಲ್ಲ. ಮೊದಲ ಎರಡು ಅಂಕಿ 10, ಮೂರನೆಯದು ಹತ್ತರ ಘಾತ. 10 × 10⁴ ಪಿಕೋಫ್ಯಾರಡ್, ಅಂದ್ರೆ 1,00,000 ಪಿಕೋಫ್ಯಾರಡ್. ಪಿಕೋ 10⁻¹², ನ್ಯಾನೋ 10⁻⁹, ಮೈಕ್ರೋ 10⁻⁶. ಹಾಗಾಗಿ ಅದೇ ವಸ್ತು 100 ನ್ಯಾನೋಫ್ಯಾರಡ್ ಕೂಡ ಹೌದು, 0.1 ಮೈಕ್ರೋಫ್ಯಾರಡ್ ಕೂಡ ಹೌದು. ಅಂಗಡಿಯವನು ಮೂರರಲ್ಲಿ ಯಾವ ಹೆಸರು ಹೇಳಿದರೂ ಕೈಗೆ ಬರುವುದು ಅದೇ. 103 ಅಂತ ಇದ್ದರೆ ಎಷ್ಟು ಅಂತ ನಿಮ್ಮ ಮಗಳಿಗೆ ಕೇಳಿ. ಚಾರ್ಜರ್ ಮಾತ್ರ ದೊಡ್ಡವರು ಬಿಚ್ಚಿ, ಪ್ಲಗ್‌ನಿಂದ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್ ಸ್ವಲ್ಪ ಹೊತ್ತು ಶಾಕ್ ಹೊಡೆಯುತ್ತದೆ.

ಇನ್ನೊಂದು, ಇಂಗ್ಲಿಷಿನ ಸಣ್ಣ ಎಮ್ ಮತ್ತು ದೊಡ್ಡ ಎಮ್ ಕಲಸಲು ಬಿಡಬೇಡಿ. ಸಣ್ಣದು ಮಿಲಿ, ದೊಡ್ಡದು ಮೆಗಾ. ಮಿಲಿವ್ಯಾಟ್ 10⁻³, ಮೆಗಾವ್ಯಾಟ್ 10⁶. ನಡುವೆ ಒಂಬತ್ತು ಮನೆ, ನೂರು ಕೋಟಿ ಪಟ್ಟು.

ಡೊಂಬಿವಲಿ_ಅಮ್ಮ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಹಾಳೆ ಗೋಡೆಗೆ ಅಂಟಿಸಿದ್ದೇವೆ. ಯಾವ ಮನೆಯ ಬಲಕ್ಕೆ ಬಿಂದು ಅಂತ ಕೇಳಿದರೆ ಈಗ ಬೆರಳಿಟ್ಟು ತೋರಿಸುತ್ತಾಳೆ. 103 ಅಂದ್ರೆ 10,000 ಪಿಕೋಫ್ಯಾರಡ್, 10 ನ್ಯಾನೋಫ್ಯಾರಡ್ ಅಂತ ತಾನೇ ಹೇಳಿದಳು. 0.35ರ ಗೊಂದಲವೂ ಹೋಯಿತು.

ಈಗ ಹೊಸದು. 1 ಮೀಟರಿಗೆ 100 ಸೆಂಟಿಮೀಟರ್, ಹಾಗಾಗಿ 1 ಚದರ ಮೀಟರಿಗೂ 100 ಚದರ ಸೆಂಟಿಮೀಟರ್ ಅಂತ ಬರೆಯುತ್ತಾಳೆ. ಪುಸ್ತಕದಲ್ಲಿ 10,000 ಅಂತಿದೆ ಅಂದ್ರೆ, "ಹಾಳೆಯಲ್ಲಿ ಎರಡೇ ಮನೆ ಅಲ್ವಾ, ನಾಲ್ಕು ಮನೆ ಎಲ್ಲಿಂದ ಬಂತು" ಅಂತಾಳೆ. ಜೊತೆಗೆ ಪೇಪರಿನಲ್ಲಿ ಮುಂಬೈ ಕೆರೆಗಳ ನೀರಿನ ಸುದ್ದಿ ಓದಿ, 14.47 ಲಕ್ಷ ದಶಲಕ್ಷ ಲೀಟರ್ ಅಂದ್ರೆ ಎಷ್ಟು ಸೊನ್ನೆ ಅಂತ ಕೇಳುತ್ತಿದ್ದಾಳೆ. ಲಕ್ಷವೂ ದಶಲಕ್ಷವೂ ಒಟ್ಟಿಗೆ ಯಾಕೆ ಬರೆಯುತ್ತಾರೋ.

ನೀರಿನ_ಇಂಜಿನಿಯರ್

ಈ ಎರಡೂ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ, ಯಾಕಂದ್ರೆ ದಿನಾ ಇದೇ ಕೆಲಸ. ಹುಟ್ಟಿದ್ದು ಮಂಡ್ಯ, ಈಗ ಪುಣೆ.

ಮೊದಲು ಚದರ. ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ, ಮಿಲಿಮೀಟರ್ ಗೆರೆ ಇರುವುದು. ಒಂದು ಸೆಂಟಿಮೀಟರ್ ಚೌಕವನ್ನು ಪೆನ್ಸಿಲಿನಿಂದ ದಪ್ಪಗೆ ಗೀಚಲು ಹೇಳಿ. ಅದರ ಒಳಗಿನ ಪುಟಾಣಿ ಚೌಕಗಳನ್ನು ಎಣಿಸಲಿ. ಅಡ್ಡ ಸಾಲಿಗೆ ಹತ್ತು, ಅಂಥ ಸಾಲು ಹತ್ತು, ಒಟ್ಟು ನೂರು. ಸೆಂಟಿಯಿಂದ ಮಿಲಿಗೆ ಹಾಳೆಯಲ್ಲಿ ಒಂದೇ ಮನೆ. ಆದರೆ ಚೌಕ ಎರಡು ದಿಕ್ಕಿಗೆ ಹರಡಿದೆ. ಉದ್ದಕ್ಕೂ ಹತ್ತು ಪಟ್ಟು, ಅಗಲಕ್ಕೂ ಹತ್ತು ಪಟ್ಟು. ಒಂದು ಮನೆಯನ್ನು ಎರಡು ಸಲ ದಾಟಿದೆವು. ಮೀಟರಿನಿಂದ ಸೆಂಟಿಮೀಟರಿಗೆ ಎರಡು ಮನೆ, ಎರಡು ಸಲ ದಾಟಿದರೆ ನಾಲ್ಕು. 10² × 10² = 10⁴. ಘಾತಗಳನ್ನು ಕೂಡಿಸುವ ನಿಯಮ ಅವಳ ಕಣ್ಣೆದುರೇ ಇದೆ.

ಘನ ಆದರೆ ಮೂರು ಸಲ. 10 ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಒಂದು ಡಬ್ಬಿಯನ್ನು ರಟ್ಟಿನಲ್ಲಿ ಮಾಡಿಸಿ. ಒಳಗೆ 1,000 ಘನ ಸೆಂಟಿಮೀಟರ್, ಅಂದ್ರೆ ಸರಿಯಾಗಿ ಒಂದು ಲೀಟರ್. ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ ಎರಡು. ಅಂಥ ಡಬ್ಬಿ ಒಂದು ಘನ ಮೀಟರಿನಲ್ಲಿ ಹತ್ತು ಉದ್ದಕ್ಕೆ, ಹತ್ತು ಅಗಲಕ್ಕೆ, ಹತ್ತು ಎತ್ತರಕ್ಕೆ ಹಿಡಿಸುತ್ತವೆ. ಹಾಗಾಗಿ 1 ಘನ ಮೀಟರ್ ನೀರು 1,000 ಲೀಟರ್.

ಈಗ ಮಳೆ. ಮುಂಬೈನಲ್ಲಿ ಇದ್ದು ಮಳೆಯ ಲೆಕ್ಕ ಬಿಟ್ಟರೆ ಹೇಗೆ. 1 ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ನಿಂತರೆ 1 × 10⁻³ ಘನ ಮೀಟರ್, ಅಂದ್ರೆ 1 ಲೀಟರ್. 2005ರ ಜುಲೈ 26ರ ಮಳೆಯ ಬಗ್ಗೆ ಮನೆಯಲ್ಲಿ ಹೇಳಿರುತ್ತೀರಿ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್. ಅದು 0.944 ಮೀಟರ್, ಚಿಕ್ಕ ಮಗುವಿನ ಎತ್ತರ. ಪ್ರತಿ ಚದರ ಮೀಟರಿಗೆ 944 ಲೀಟರ್. ನಾನೂರು ಚದರ ಅಡಿಯ ಫ್ಲ್ಯಾಟ್ ಅಂದ್ರೆ ಸುಮಾರು 37 ಚದರ ಮೀಟರ್. ಅಷ್ಟು ಜಾಗದ ಮೇಲೆ ಬಿದ್ದದ್ದು ಸುಮಾರು 35,000 ಲೀಟರ್, ಹತ್ತು ಸಾವಿರ ಲೀಟರಿನ ಟ್ಯಾಂಕರ್ ಮೂರೂವರೆ. ಅದೇ ದಿನ ಕೊಲಾಬಾದಲ್ಲಿ ಸುಮಾರು 73 ಮಿಲಿಮೀಟರ್ ಮಾತ್ರ. ಒಂದೇ ಊರಿನಲ್ಲಿ ಹತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ.

ಇನ್ನು 1 ಚದರ ಕಿಲೋಮೀಟರ್ ಜಾಗಕ್ಕೆ 1 ಮಿಲಿಮೀಟರ್ ಮಳೆ ಬಂದರೆ? ಕಿಲೋ 10³, ಎರಡು ದಿಕ್ಕಿಗೆ 10⁶ ಚದರ ಮೀಟರ್, ಒಂದೊಂದಕ್ಕೂ ಒಂದು ಲೀಟರ್. ಸರಿಯಾಗಿ ಹತ್ತು ಲಕ್ಷ ಲೀಟರ್. ಕೆರೆಗಳ ಲೆಕ್ಕದಲ್ಲಿ ದಶಲಕ್ಷ ಲೀಟರ್ ಯಾಕೆ ಇಷ್ಟು ಅನುಕೂಲ ಅಂತ ಇದರಿಂದ ಗೊತ್ತಾಗುತ್ತದೆ. ಮಿಲಿಮೀಟರ್ ಮಳೆಯನ್ನು ಚದರ ಕಿಲೋಮೀಟರಿನಿಂದ ಗುಣಿಸಿದರೆ ನೇರ ದಶಲಕ್ಷ ಲೀಟರಿನಲ್ಲೇ ಉತ್ತರ ಬರುತ್ತದೆ.

ಮುಂಬೈಗೆ ನೀರು ಕೊಡುವ ಏಳು ಕೆರೆಗಳು ಭಾತ್ಸಾ, ಮೇಲಿನ ವೈತರಣಾ, ಮಧ್ಯ ವೈತರಣಾ, ಮೋಡಕ್ ಸಾಗರ್, ತಾನ್ಸಾ, ವಿಹಾರ್, ತುಳಸಿ. ಎಲ್ಲ ತುಂಬಿದರೆ 14,47,363 ದಶಲಕ್ಷ ಲೀಟರ್. ಅರ್ಧದಷ್ಟು ಭಾತ್ಸಾ ಒಂದರಲ್ಲೇ. ಪಾಲಿಕೆ ದಶಲಕ್ಷ ಲೀಟರಿನಲ್ಲಿ ಲೆಕ್ಕ ಇಡುತ್ತದೆ, ಪೇಪರಿನವರು ಮುಂದಿನ ಉದ್ದ ಸಂಖ್ಯೆಯನ್ನು ಲಕ್ಷದಲ್ಲಿ ಹೇಳುತ್ತಾರೆ, ಹಾಗಾಗಿ ಎರಡೂ ಒಟ್ಟಿಗೆ ಬರುತ್ತವೆ. ಸೊನ್ನೆ ಎಣಿಸಬೇಡಿ, ಘಾತ ಕೂಡಿಸಿ. 14.47 ಅಂದ್ರೆ 1.447 × 10¹. ಲಕ್ಷ 10⁵. ದಶಲಕ್ಷ 10⁶. 1 + 5 + 6 = 12. ಉತ್ತರ 1.447 × 10¹² ಲೀಟರ್. ನಗರಕ್ಕೆ ದಿನಕ್ಕೆ ಸುಮಾರು 3,850 ದಶಲಕ್ಷ ಲೀಟರ್ ಬಿಡುತ್ತಾರೆ. 14,47,363 ಅನ್ನು 3,850ರಿಂದ ಭಾಗಿಸಿದರೆ 376ರ ಹತ್ತಿರ ಬರುತ್ತದೆ. ಎಲ್ಲ ಕೆರೆ ತುಂಬಿದ್ದರೆ ಹೆಚ್ಚೂಕಮ್ಮಿ ಒಂದು ವರ್ಷದ ನೀರು, ಆವಿಯಾಗಿ ಹೋಗುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ. ಮಳೆಗಾಲ ತಡವಾದಾಗ ಮುಂಬೈ ಯಾಕೆ ಅಷ್ಟು ಗಾಬರಿಯಾಗುತ್ತದೆ ಅನ್ನೋದು ಈ ಒಂದು ಭಾಗಾಕಾರದಲ್ಲಿದೆ.

ನಮ್ಮ ಕಡೆ, ಪುಣೆಯಲ್ಲೂ ಕರ್ನಾಟಕದಲ್ಲೂ, ಟಿಎಂಸಿ ಅಂತೀವಿ. ನೂರು ಕೋಟಿ ಘನ ಅಡಿ, 10⁹. ಇದರಲ್ಲಿ ಹತ್ತರ ಘಾತ ಇದೆ, ಆದರೆ ಅಡಿ ಮೆಟ್ರಿಕ್ ಅಲ್ಲ, ಹಾಗಾಗಿ ಬಿಂದು ಸರಿಸಿ ಲೀಟರ್ ಮಾಡಲು ಆಗಲ್ಲ. 1 ಅಡಿ 0.3048 ಮೀಟರ್. ಅದನ್ನು ಮೂರು ಸಲ ಗುಣಿಸಿದರೆ ಒಂದು ಘನ ಅಡಿಗೆ 28.317 ಲೀಟರ್ ಬರುತ್ತದೆ. ಒಂದು ಟಿಎಂಸಿ 28,317 ದಶಲಕ್ಷ ಲೀಟರ್. ವಿಹಾರ್ ಕೆರೆ ತುಂಬಿದರೆ 27,698 ದಶಲಕ್ಷ ಲೀಟರ್, ಅಂದ್ರೆ ವಿಹಾರ್ ಹತ್ತಿರ ಹತ್ತಿರ ಒಂದು ಟಿಎಂಸಿ. ಪೊವಾಯಿ ಕಡೆ ಹೋದಾಗ ಮಗಳಿಗೆ ಹೇಳಿ, ಟಿಎಂಸಿ ಅಂದ್ರೆ ಎಷ್ಟು ಅಂತ ಕಣ್ಣಿಗೆ ಸಿಗುತ್ತದೆ. ಮುಂಬೈನ ಏಳೂ ಕೆರೆ ಸೇರಿದರೆ 51 ಟಿಎಂಸಿ ಆಗುತ್ತದೆ. ನಮ್ಮ ಕೆಆರ್‌ಎಸ್ ಒಂದೇ 49.45. ಪುಣೆಯ ಖಡಕ್‌ವಾಸ್ಲಾ, ಪಾನಶೇತ್, ವರಸಗಾಂವ್, ಟೇಮ್‌ಘರ್ ನಾಲ್ಕೂ ಸೇರಿ ಸುಮಾರು 29.

ವಡಾಲದ_ಮೇಷ್ಟ್ರು

ಇಂಜಿನಿಯರ್ ಅವರೇ, ಮಳೆಯ ಉದಾಹರಣೆ ಬಹಳ ಚೆನ್ನಾಗಿದೆ. ಒಂದು ಕಡೆ ಮಾತ್ರ ಎಚ್ಚರ ಹೇಳಬೇಕು. ಘನ ಕಿಲೋಮೀಟರ್ ಅಂದ ಕೂಡಲೇ ಮಕ್ಕಳು ಸಾವಿರ ಘನ ಮೀಟರ್ ಅಂತಾರೆ, ಕಿಲೋ ಅಂದ್ರೆ ಸಾವಿರ ಅಲ್ವಾ ಅಂತ. ಕಿಲೋ ಮೀಟರಿಗೆ ಅಂಟಿಕೊಂಡಿದೆ, ಹಾಗಾಗಿ ಘನ ಮಾಡುವಾಗ ಕಿಲೋವನ್ನೂ ಘನ ಮಾಡಬೇಕು. 10³ ಮೂರು ಸಲ, 10⁹ ಘನ ಮೀಟರ್. ಕಿಲೋಲೀಟರಿನಲ್ಲಿ ಈ ತೊಂದರೆ ಇಲ್ಲ, ಲೀಟರ್ ಮೊದಲೇ ಘನ ಅಳತೆ, ಅಲ್ಲಿ ಕಿಲೋ ಬರೀ ಸಾವಿರ. ಈ ವ್ಯತ್ಯಾಸ ದೊಡ್ಡ ಕ್ಲಾಸಿನವರಿಗೂ ಎಡವಟ್ಟು.

ಡೊಂಬಿವಲಿಯವರೇ, ಮಗಳಿಗೆ ಒಂದು ಲೆಕ್ಕ. ತುಳಸಿ ಕೆರೆ ತುಂಬಿದರೆ 8,046 ದಶಲಕ್ಷ ಲೀಟರ್. ಸುದ್ದಿಯಲ್ಲಿ ಇದನ್ನೇ 804.6 ಕೋಟಿ ಲೀಟರ್ ಅಂತಲೂ ಬರೆಯುತ್ತಾರೆ. ಎರಡೂ ಒಂದೇ ಯಾಕೆ? ಮತ್ತೆ ಅದು ಎಷ್ಟು ಘನ ಕಿಲೋಮೀಟರ್? ಲೆಕ್ಕ ಮಾಡುವ ಮೊದಲು ಒಂದಕ್ಕಿಂತ ಜಾಸ್ತಿಯೋ ಕಮ್ಮಿಯೋ ಅಂತ ಅಂದಾಜು ಹೇಳಲಿ.

ಡೊಂಬಿವಲಿ_ಅಮ್ಮ

ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ. ದಶಲಕ್ಷ 10⁶, ಕೋಟಿ 10⁷, ಕೋಟಿ ಹತ್ತು ಪಟ್ಟು ದೊಡ್ಡ ತುಂಡು, ಹಾಗಾಗಿ ಎಣಿಕೆ ಹತ್ತು ಪಾಲು ಕಮ್ಮಿ, 804.6. ಘನ ಕಿಲೋಮೀಟರ್ ಅಂದ್ರೆ ತುಂಬ ದೊಡ್ಡದು, ತುಳಸಿ ಚಿಕ್ಕ ಕೆರೆ, ಹಾಗಾಗಿ ಒಂದಕ್ಕಿಂತ ಕಮ್ಮಿ. ಆಮೇಲೆ 8.046 × 10⁹ ಲೀಟರ್, ಸಾವಿರದಿಂದ ಭಾಗಿಸಿದರೆ 8.046 × 10⁶ ಘನ ಮೀಟರ್. ಒಂದು ಘನ ಕಿಲೋಮೀಟರಿಗೆ 10⁹ ಘನ ಮೀಟರ್ ಬೇಕು, ಆದ್ದರಿಂದ 8.046 × 10⁻³, ಅಂದ್ರೆ 0.008046 ಘನ ಕಿಲೋಮೀಟರ್. "ಮೈನಸ್ ಮೂರು ಬಂತು, ಆದರೂ ಕೆರೆ ತುಂಬ ನೀರಿದೆ" ಅಂದಳು.

ವಡಾಲದ_ಮೇಷ್ಟ್ರು

ಪೂರ್ತಿ ಸರಿ. ನಾಳೆ ಇದೇ ಲೆಕ್ಕವನ್ನು ಏಳು ಕೆರೆಗೂ ಸೇರಿಸಿ ಮಾಡಿಸಿ, 1.447 ಘನ ಕಿಲೋಮೀಟರ್ ಬರಬೇಕು.